ಡೊಂಬಿವಲಿಯಿಂದ ಸೈಕಲ್ ಜೊತೆ ಕರ್ಜತ್‌ಗೆ
ಮುಂಬೈ ಪಕ್ಕದ ಡೊಂಬಿವಲಿಯಿಂದ ಸಹ್ಯಾದ್ರಿಯ ಬುಡದ ಕರ್ಜತ್‌ಗೆ ಸೈಕಲ್ ಒಯ್ಯುವುದಾದರೆ ಭಾನುವಾರ ನಸುಕಿನ ಕರ್ಜತ್ ಲೋಕಲ್ ರೈಲನ್ನೇ ಹಿಡಿಯಿರಿ. ಸೈಕಲ್ಲಿಗೂ ಲಗೇಜ್ ಟಿಕೆಟ್ ಮಾಡಿಸಿ, ಸಾಮಾನಿನ ಬೋಗಿ ಬಂದು ನಿಲ್ಲುವ ಕಡೆ ಮೊದಲೇ ಹೋಗಿ ನಿಂತಿರಿ. ಗಾಡಿ ನಿಲ್ಲುವುದು ಕೆಲವೇ ಕ್ಷಣ. ಮುಂದಿನ ಚಕ್ರ ಎತ್ತಿ ಒಳಗಿಟ್ಟರೆ ಹಿಂದಿನದನ್ನು ತಳ್ಳುವುದು ಸುಲಭ. ಒಮ್ಮೆ ನನ್ನ ಪೆಡಲು ಮೀನು ಮಾರುವ ಅಜ್ಜಿಯೊಬ್ಬರ ಸೀರೆಗೆ ಸಿಕ್ಕಿ ಅಂಚು ಹರಿಯಿತು. ಅಂದಿನಿಂದ ಪೆಡಲಿಗೆ ಹಳೆಯ ಟವೆಲ್ ಬಿಗಿಯಾಗಿ ಸುತ್ತಿಯೇ ಹತ್ತುತ್ತೇನೆ, ನೀವೂ ಸುತ್ತಿ.

ಕರ್ಜತ್‌ನಲ್ಲಿ ಇಳಿದು ಕೊಂಡಿವಡೆ ಹಳ್ಳಿಯ ದಾರಿ ಹಿಡಿಯಿರಿ. ಪಕ್ಕದಲ್ಲಿ ಉಲ್ಹಾಸ್ ನದಿ, ಎದುರಿಗೆ ಸಹ್ಯಾದ್ರಿಯ ಗೋಡೆ. ಘಟ್ಟದ ಕೆಳಗೆ ಹುಟ್ಟಿದ ನನಗೆ ಆ ಭತ್ತದ ಗದ್ದೆಗಳ ನಡುವೆ ಊರೇ ಸಿಕ್ಕಂತಾಗುತ್ತದೆ. ಕೊಂಡಾಣೆಯ ಬೌದ್ಧ ಗುಹೆಗಳನ್ನು ನೋಡುವವರು ಸೈಕಲ್ಲನ್ನು ಹಳ್ಳಿಯಲ್ಲಿ ಬಿಟ್ಟು ಕಾಡುದಾರಿಯನ್ನು ನಡೆದೇ ಹತ್ತಬೇಕು. ಮಧ್ಯಾಹ್ನದೊಳಗೆ ಸ್ಟೇಷನ್ನಿಗೆ ಮರಳಿ. ಸಂಜೆಯ ಗಾಡಿಗಳಲ್ಲಿ ಚಾರಣಿಗರೇ ತುಂಬಿರುತ್ತಾರೆ.