ತೂತಾದ ಹಾಳೆಯನ್ನು ಬಿಸಾಡಬೇಡಿ

ಕಾಗದವನ್ನು ಒತ್ತಿ ಬೇಕಾದ ಆಕಾರಕ್ಕೆ ಕತ್ತರಿಸುವ ಪೇಪರ್ ಪಂಚ್ ಕೈಗೆ ಬಂದ ಹೊಸದರಲ್ಲಿ ಎಲ್ಲರೂ ಮಾಡುವುದು ಒಂದೇ. ಟಕ್ ಟಕ್ ಅಂತ ಹೂವು, ಚಿಟ್ಟೆ ಒತ್ತಿ ಶುಭಾಶಯದ ಕಾರ್ಡಿಗೆ ಅಂಟಿಸುವುದು, ತೂತಾದ ಹಾಳೆಯನ್ನು ಕಸದ ಬುಟ್ಟಿಗೆ ಹಾಕುವುದು. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಅರ್ಧ ಸಾಮಾನನ್ನು ಸುಮ್ನೆ ಎಸೆಯುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು.

ಆ ತೂತನ್ನೇ ಕಿಟಕಿ ಮಾಡಿಕೊಳ್ಳಿ. ಕಾರ್ಡಿನ ಮುಂಭಾಗದಲ್ಲಿ ಒಂದು ದುಂಡನೆಯ ತೂತು ಹೊಡೆದು, ಹಿಂದಿನಿಂದ ಬಣ್ಣದ ಹಾಳೆ ಅಂಟಿಸಿದರೂ ಚೆಂದ. ಪುರುಸೊತ್ತಿದ್ದರೆ ಚಮಕಿ ಕುಣಿಯುವ ಕಾರ್ಡ್ ಮಾಡಿ. ತೂತಿನ ಹಿಂದೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಸುತ್ತ ಫೋಮ್ ಟೇಪನ್ನು (ಎರಡೂ ಕಡೆ ಅಂಟಿರುವ ದಪ್ಪ ಸ್ಪಂಜಿನ ಟೇಪು) ಒಂದಿಷ್ಟೂ ಸಂದಿ ಬಿಡದೆ ಕೋಟೆಯಂತೆ ಕಟ್ಟಿ. ನಡುವೆ ಒಂದು ಚಿಟಿಕೆ ಚಮಕಿ ಹಾಕಿ ಮೇಲೆ ಗಟ್ಟಿ ಹಾಳೆ ಮುಚ್ಚಿ. ಫೈಲಿಗೆ ತೂತು ಹೊಡೆಯುವ ಪಂಚ್ ಇದೆಯಲ್ಲ, ಅದರ ಹೊಟ್ಟೆಯಲ್ಲಿ ತುಂಬಿಕೊಳ್ಳುವ 6 ಮಿ.ಮೀ. ಚುಕ್ಕೆಗಳೂ ಇದಕ್ಕೆ ಆಗುತ್ತವೆ. ಜಾಸ್ತಿ ತುಂಬಬೇಡಿ, ಅಲ್ಲಾಡಲು ಜಾಗ ಬೇಕಲ್ವಾ? ಟೇಪಿನ ಒಳ ಅಂಚು ಚಮಕಿಯನ್ನು ಹಿಡಿದುಕೊಂಡುಬಿಡುತ್ತದೆ. ಮುಚ್ಚುವ ಮೊದಲು ಬೆರಳಿಗೆ ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿಕೊಂಡು ಆ ಅಂಚಿಗೆ ಸವರಿ.

ತೂತು ಬೇಕಾದ ಕಡೆಯೇ ಬೀಳಬೇಕಾದರೆ ಪಂಚನ್ನು ಬೋರಲು ಮಾಡಿ ಹಿಡಿಯಿರಿ. ಆಗ ಆಕಾರ ಕಣ್ಣಿಗೆ ಕಾಣುತ್ತದೆ, ಅಂದಾಜಿನ ಕೆಲಸ ತಪ್ಪುತ್ತದೆ.

ಹೃದಯದ ಪಂಚ್ ಒಂದಿದ್ದರೆ ಹೂವಿನ ಪಂಚ್ ಕೊಳ್ಳುವುದೇ ಬೇಡ. ಐದು ಹೃದಯ ಒತ್ತಿ. ಒಂದೊಂದನ್ನೂ ಉದ್ದಕ್ಕೆ ಮಡಚಿ ಬಿಡಿಸಿ, ನಡುವೆ ಎಸಳಿನ ಗೆರೆ ಮೂಡುತ್ತದೆ. ಅಗಲವಾದ ತುದಿಯನ್ನು ಪೆನ್ಸಿಲ್ಲಿಗೆ ಸುತ್ತಿ ಸ್ವಲ್ಪ ಬಾಗಿಸಿ. ಚೂಪು ತುದಿಗಳೆಲ್ಲ ಒಳಗೆ ಬರುವಂತೆ ಜೋಡಿಸಿ, ಸಾಸಿವೆ ಕಾಳಿನಷ್ಟೇ ಗಮ್ಮು ಹಚ್ಚಿ. ಹೆಚ್ಚಾದರೆ ಹಾಳೆ ಸುಕ್ಕಾಗುತ್ತದೆ. ನಡುವೆ ಆಫೀಸ್ ಪಂಚಿನ ಒಂದು ಚುಕ್ಕೆ ಇಟ್ಟರೆ ಹೂವು ಮುಗಿಯಿತು. ಚಿಟ್ಟೆಯಾದರೆ ನಡುವಿನ ಮೈಗೆ ಮಾತ್ರ ಗಮ್ಮು, ರೆಕ್ಕೆ ಎತ್ತಿಯೇ ಇರಲಿ. ದುಂಡನೆಯ ತುಂಡುಗಳನ್ನು ಅರ್ಧಕ್ಕೆ ಮಡಚಿ, ಮೂರು ನಾಲ್ಕನ್ನು ಬೆನ್ನಿಗೆ ಬೆನ್ನು ಅಂಟಿಸಿ ಕಾರ್ಡಿನ ಮೇಲೆ ನಿಲ್ಲಿಸಿದರೆ ಉಬ್ಬಿದ ಬಲೂನು. ಕೆಳಗೊಂದು ದಾರ ಅಂಟಿಸಲು ಮರೆಯಬೇಡಿ.

ಅಂಚಿಗೆ ಲೇಸಿನಂತೆ ಕತ್ತರಿಸುವ ಬಾರ್ಡರ್ ಪಂಚಿನ ವಿಷಯದಲ್ಲಿ ನನ್ನದು ಒಂದೇ ಮಾತು: ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಹೋಗಿ. ನಾಲ್ಕೂ ಅಂಚಿಗೆ ಹೊಡೆಯುವ ಆಸೆ ಬೇಡ, ಮೂಲೆಯಲ್ಲಿ ಡಿಸೈನ್ ಕೂಡುವುದೇ ಇಲ್ಲ. ಒಂದು ಅಂಚು ಸಾಕು.

ಕಾಗದದ ದಪ್ಪವನ್ನೂ ನೋಡಿಕೊಳ್ಳಬೇಕು. ಅದನ್ನು ಹೇಳುವುದು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅಂತ. 120ರಿಂದ 200 ಜಿಎಸ್‌ಎಂ ಹಾಳೆ ಸಲೀಸಾಗಿ ಕತ್ತರಿಸುತ್ತದೆ. ಒಮ್ಮೆ ನಾನು 300 ಜಿಎಸ್‌ಎಂ ಹಾಳೆ ತುರುಕಿ, ಕೈಯಲ್ಲಿ ಆಗಲಿಲ್ಲ ಅಂತ ಪಂಚಿನ ಮೇಲೆ ಕಾಲಿಟ್ಟು ನಿಂತೆ. ಚಿಟ್ಟೆ ಹೊರಬರಲಿಲ್ಲ, ಸ್ಪ್ರಿಂಗ್ ಹೊರಬಂತು. ಟಿಶ್ಯೂ ಪೇಪರಿನಂಥ ತೆಳು ಹಾಳೆಯೂ ಕಷ್ಟವೇ, ಹರಿದು ಜೂಲಾಗುತ್ತದೆ. ಅದರ ಕೆಳಗೆ ಒಂದು ಮಾಮೂಲಿ ಬಿಳಿ ಹಾಳೆ ಸೇರಿಸಿ ಒತ್ತಿ.

ಪಂಚ್ ಮೊಂಡಾದರೆ ಅಲ್ಯೂಮಿನಿಯಂ ಫಾಯಿಲನ್ನು ಮೂರು ನಾಲ್ಕು ಮಡಿಕೆ ಮಾಡಿ ಹತ್ತು ಸಲ ಒತ್ತಿ. ಬಿಗಿಯಾಗಿ ಕಚ್ಚಿಕೊಳ್ಳುತ್ತಿದ್ದರೆ ಮೇಣದ ಕಾಗದವನ್ನು ಒತ್ತಿ. ಎಣ್ಣೆ ಮಾತ್ರ ಹಾಕಬೇಡಿ, ಮುಂದಿನ ಕಾರ್ಡಿಗೆಲ್ಲ ಕಲೆ ಹತ್ತುತ್ತದೆ. ಆ ಫಾಯಿಲಿನಲ್ಲಿ ಬಿದ್ದ ಬೆಳ್ಳಿ ಚಿಟ್ಟೆಗಳನ್ನು ಒಂದು ಡಬ್ಬಿಗೆ ಹಾಕಿಡಿ, ಕಿಟಕಿ ಕಾರ್ಡಿನೊಳಗೆ ಕುಣಿಯಲು ಅವು ಚಮಕಿಗಿಂತ ಚೆನ್ನಾಗಿರುತ್ತವೆ.