ಆರ್ಕಾಟಿನ ನವಾಬ ಮತ್ತು ನನ್ನ ಮಾವ

ಕಟಪಾಡಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಮಂಗಳೂರಿನ ಜ್ಯೋತಿಯಲ್ಲಿ ಇಳಿಯಲಿಕ್ಕೆ ಒಂದು ಗಂಟೆ ಚಿಲ್ಲರೆ ಬೇಕು. ಸೀಟು ಸಿಕ್ಕಿದ ದಿನ ಹದಿನೈದು ಪುಟ ಓದಬಹುದು. ಪಡುಬಿದ್ರಿಯವರೆಗೂ ನಿಂತೇ ಹೋಗಬೇಕಾದರೆ ಏಳೆಂಟು. ಬ್ರಿಟಿಷ್ ರಾಜಕಾರಣದ ಬಗ್ಗೆ ಮೈಕಲ್ ಡಾಬ್ಸ್ ಬರೆದ ‘ಹೌಸ್ ಆಫ್ ಕಾರ್ಡ್ಸ್’ ಸರಣಿಯ ಮೂರೂ ಕಾದಂಬರಿಗಳನ್ನು ಒಂದು ಮಳೆಗಾಲದಲ್ಲಿ ಮುಗಿಸಿದ್ದು ಹೆಚ್ಚುಕಡಿಮೆ ಈ ಲೆಕ್ಕದಲ್ಲೇ. ಗುರುತಿಗೆ ಇಟ್ಟ ಬಸ್ ಟಿಕೆಟುಗಳು ಈಗಲೂ ಪುಟಗಳ ನಡುವೆ ಅಂಟಿಕೊಂಡಿವೆ.

ಮೊದಲ ಸಲ ಅರುವತ್ತು ಪುಟಕ್ಕೇ ಕೈಬಿಟ್ಟಿದ್ದೆ. ಹೆಸರುಗಳ ರಾಶಿ. ಮಂತ್ರಿ ಯಾರು, ಪಕ್ಷದ ಕಚೇರಿಯವ ಯಾರು, ಪತ್ರಕರ್ತೆ ಯಾವ ಪತ್ರಿಕೆಯವಳು, ಸುರತ್ಕಲ್ ದಾಟುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. ಎರಡನೇ ಸಲ ಒಂದು ನಿಯಮ ಮಾಡಿಕೊಂಡೆ: ಬೆಳಿಗ್ಗೆ ಓದಿದ್ದನ್ನು ಸಂಜೆ ಸೋದರಮಾವನಿಗೆ ಕಥೆಯಾಗಿ ಹೇಳಬೇಕು. ಹೇಳಲಿಕ್ಕೆ ಬಾರದಿದ್ದರೆ ನನಗೆ ಅರ್ಥ ಆಗಿಲ್ಲ ಅಂತ ಲೆಕ್ಕ, ಮರುದಿನ ಅದೇ ಪುಟಗಳನ್ನು ಪುನಃ ಓದಬೇಕು. ಮಾವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಗ್ರಾಮ ಪಂಚಾಯತಿನಲ್ಲಿ ಎರಡು ಅವಧಿ ಸದಸ್ಯರಾಗಿದ್ದವರು. ತಾಳಮದ್ದಳೆಯ ಹುಚ್ಚು ಬೇರೆ. (ನಮ್ಮ ಮಾತುಕತೆ ಎಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ.)

ಕಥಾನಾಯಕನ ಹೆಸರಿನಲ್ಲೇ ಮೊದಲ ಎಡವಟ್ಟು. ಫ್ರಾನ್ಸಿಸ್ ಅರ್ಕರ್ಟ್. ಇಂಗ್ಲಿಷ್ ಅಕ್ಷರ ನೋಡಿ ನೂರು ಪುಟದವರೆಗೆ ನಾನು ‘ಉರ್ಕುಹಾರ್ಟ್’ ಎಂದೇ ಓದಿದ್ದೆ. ಸರಿಪಡಿಸಿ ಹೇಳಿದಾಗ ಮಾವ, “ಆರ್ಕಾಟಾ? ನವಾಬನ ಊರಲ್ವಾ ಅದು?” ಎಂದರು. ಅಲ್ಲಿಂದ ಕೊನೆಯವರೆಗೂ ನಮ್ಮ ಮನೆಯಲ್ಲಿ ಅವನು ನವಾಬನೇ.

ನವಾಬ ಆಳುವ ಪಕ್ಷದ ಚೀಫ್ ವಿಪ್, ಅಂದರೆ ಸಂಸದರು ಪಕ್ಷ ಹೇಳಿದಂತೆ ಮತ ಹಾಕುವ ಹಾಗೆ ನೋಡಿಕೊಳ್ಳುವವನು. ಚುನಾವಣೆ ಗೆದ್ದ ಪ್ರಧಾನಿ ಅವನಿಗೆ ಮಂತ್ರಿಗಿರಿ ಕೊಡದೆ ಇದ್ದಲ್ಲೇ ಕೂರಿಸುತ್ತಾನೆ. ಅಷ್ಟಕ್ಕೆ ಅವನು ಆ ಪ್ರಧಾನಿಯನ್ನೇ ಉರುಳಿಸಲು ಹೊರಡುತ್ತಾನೆ. ಒಬ್ಬೊಬ್ಬರ ಸಾಲ, ಕುಡಿತ, ಮಾದಕ ಚಟ, ಹೆಂಗಸರ ಸಹವಾಸ, ಎಲ್ಲ ಅವನ ಲೆಕ್ಕದಲ್ಲಿ ಉಂಟು. ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ. ನಮ್ಮಲ್ಲಿ ವಿಪ್ ಅಂದರೆ ಹೀಗೆ ಮತ ಹಾಕಿ ಎನ್ನುವ ಪಕ್ಷದ ಒಂದು ಕಾಗದ. “ವಿಪ್ ಜಾರಿ” ಅಂತ ಪೇಪರಿನಲ್ಲಿ ಬರುತ್ತದೆ, ಶಾಸಕರು ಕೈ ಎತ್ತುತ್ತಾರೆ, ಮುಗಿಯಿತು. ಅದಕ್ಕೆ ಇಷ್ಟೊಂದು ಗುಟ್ಟು ಕೂಡಿಡುವ ಕಷ್ಟ ಯಾಕೆ?

ಉತ್ತರ ಕಾದಂಬರಿಯಲ್ಲಿ ಇರಲಿಲ್ಲ. ಬ್ರಿಟಿಷ್ ಓದುಗನಿಗೆ ಅದನ್ನು ಹೇಳಬೇಕಾಗಿಲ್ಲವಲ್ಲ. ಒಂದು ಭಾನುವಾರ ಕೂತು ಹುಡುಕಿದೆ. ನಮ್ಮಲ್ಲಿ 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯಾಗಿ ಹತ್ತನೇ ಅನುಸೂಚಿ ಬಂತು, ಅದೇ ಪಕ್ಷಾಂತರ ನಿಷೇಧ ಕಾಯ್ದೆ. ಪಕ್ಷದ ವಿಪ್ ಮೀರಿ ಮತ ಹಾಕಿ, ಪಕ್ಷ ಅದನ್ನು 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವವೇ ಹೋಗಬಹುದು. ಬ್ರಿಟನ್ನಿನಲ್ಲಿ ಅಂಥ ಕಾನೂನು ಇಲ್ಲ. ಕಾಗದದಲ್ಲಿ ಮೂರು ಗೆರೆ ಎಳೆದು ಕೊಟ್ಟ ವಿಪ್ಪನ್ನು ಮೀರಿದವನನ್ನು ಪಕ್ಷದ ಸಂಸದೀಯ ಗುಂಪಿನಿಂದ ಹೊರಗಿಡಬಹುದು, ಆದರೆ ಅವನ ಸೀಟು ಅವನಿಗೇ. ಅಂದರೆ ನಮ್ಮಲ್ಲಿ ಕಾನೂನು ಮಾಡುವ ಕೆಲಸವನ್ನು ಅಲ್ಲಿ ಒಬ್ಬ ಮನುಷ್ಯ ಮಾಡಬೇಕು. ಆಸೆ ತೋರಿಸಿ, ಇಲ್ಲವೇ ಹೆದರಿಸಿ. ಇದು ತಿಳಿದ ಮೇಲೆ ನವಾಬನ ಒಂದೊಂದು ನಡೆಯೂ ಸಲೀಸಾಗಿ ಬಿಚ್ಚಿಕೊಂಡಿತು.

ಪಕ್ಷದ ನಾಯಕನ ಆಯ್ಕೆಯೂ ಅಷ್ಟೇ. ಆ ಕಾಲದಲ್ಲಿ ನವಾಬನ ಪಕ್ಷವಾದ ಕನ್ಸರ್ವೇಟಿವ್‌ನ ಸಂಸದರೇ ಗುಪ್ತ ಮತದಾನದಿಂದ ನಾಯಕನನ್ನು ಆರಿಸುತ್ತಿದ್ದರು. ಬಾಯಲ್ಲಿ ಹೌದು ಎಂದವನು ಚೀಟಿಯಲ್ಲಿ ಏನು ಬರೆದಾನು ಎಂದು ಹೇಳಲಿಕ್ಕಾಗದು. 1990ರ ನವೆಂಬರ್ 20ರಂದು ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ 204, ಅದೇ ಪಕ್ಷದ ಎದುರಾಳಿ ಹೆಸೆಲ್ಟೈನ್‌ಗೆ 152 ಮತ ಬಿತ್ತು. ಗೆದ್ದೂ ಸಾಲಲಿಲ್ಲ. ನಿಯಮ ಕೇಳಿದ ಅಂತರಕ್ಕೆ ನಾಲ್ಕು ಮತ ಕಡಿಮೆ. ಎರಡು ದಿನದಲ್ಲಿ ರಾಜೀನಾಮೆ ಘೋಷಣೆ. ತಮಾಷೆ ಎಂದರೆ, ಈ ಕಾದಂಬರಿಯ ಬಿಬಿಸಿ ಧಾರಾವಾಹಿಯ ಮೊದಲ ಕಂತು ಬಂದದ್ದು ನವೆಂಬರ್ 18ಕ್ಕೆ. ಡಾಬ್ಸ್ ಕೂಡ ಹೊರಗಿನವರಲ್ಲ, ಥ್ಯಾಚರ್ ಕಾಲದಲ್ಲಿ ಅದೇ ಪಕ್ಷದ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1987ರ ಚುನಾವಣೆಯ ಹೊತ್ತಿಗೆ ಥ್ಯಾಚರ್ ಜೊತೆ ಕೆಟ್ಟು, ರಜೆಗೆ ಮಾಲ್ಟಾದ ಗೋಜೋ ದ್ವೀಪಕ್ಕೆ ಹೋದಾಗ ಬರೆಯಲು ಶುರುಮಾಡಿದ್ದು. 1989ರಲ್ಲಿ ಮೊದಲ ಪುಸ್ತಕ ಬಂತು. ಸಿಟ್ಟು ಇಷ್ಟು ಚೆನ್ನಾಗಿ ಉಪಯೋಗಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನಾನು ಮೋಸಹೋದ ಜಾಗ. (ಓದಬೇಕೆಂದಿರುವವರು ಈ ಪ್ಯಾರಾ ಬಿಡಿ.) ನನ್ನ ಮೊದಲ ಪುಸ್ತಕ ಸೆಕೆಂಡ್‌ಹ್ಯಾಂಡ್, ಹಳೇ ಮುದ್ರಣ. ಅದರಲ್ಲಿ ಕೊನೆಗೆ ನವಾಬ ಮೇಲಿಂದ ಹಾರಿ ಸಾಯುತ್ತಾನೆ. ಮಾವನಿಗೆ ಹೇಳಿದೆ. “ಆಗಬೇಕಾದ್ದೇ” ಎಂದರು. ವಾರ ಬಿಟ್ಟು ಎರಡನೆಯದನ್ನು ತೆರೆದರೆ ನವಾಬ ಗಟ್ಟಿಮುಟ್ಟಾಗಿ ಪ್ರಧಾನಿಯಾಗಿ ಕೂತಿದ್ದಾನೆ, ರಾಜನ ಜೊತೆ ಜಗಳಕ್ಕೆ ಸಿದ್ಧ! ನಡುವೆ ಒಂದು ಪುಸ್ತಕ ತಪ್ಪಿಹೋಯಿತೆಂದು ಎರಡು ದಿನ ಹುಡುಕಿದೆ. ಆಮೇಲೆ ತಿಳಿಯಿತು, ಧಾರಾವಾಹಿಯವರು ಕೊನೆಯನ್ನು ತಿರುಗಿಸಿ, ಸಾಯಬೇಕಾದವನನ್ನು ಬದುಕಿಸಿ ಪತ್ರಕರ್ತೆಯನ್ನೇ ಕೊಲ್ಲಿಸಿದ್ದರು. 1992ರ ಎರಡನೇ ಕಾದಂಬರಿ ಹಿಡಿದದ್ದು ಆ ದಾರಿ. ಮೊದಲನೆಯದರ ಕೊನೆಯನ್ನು ಡಾಬ್ಸ್ ತಿದ್ದಿದ್ದು ಎಷ್ಟೋ ವರ್ಷದ ನಂತರದ ಮುದ್ರಣದಲ್ಲಿ. ಸಾಧ್ಯವಾದರೆ ಹೊಸ ಮುದ್ರಣವನ್ನೇ ಕೊಳ್ಳಿ. “ಅವನು ಸತ್ತಿಲ್ಲ ಮಾವ” ಎಂದು ಅಳುಕುತ್ತಲೇ ಹೇಳಿದೆ. ಅವರು ಅಲುಗಾಡಲಿಲ್ಲ. “ನಿನ್ನೆ ರಾತ್ರಿ ಸತ್ತ ಕೌರವ ಇವತ್ತು ಇನ್ನೊಂದು ಊರಿನ ಆಟದಲ್ಲಿ ಬರುವುದಿಲ್ವಾ? ಮುಂದೆ ಹೇಳು.”

ಎರಡನೆಯದರಲ್ಲಿ ರಾಜನ ಭಾಗ ನನಗೆ ಸ್ವಲ್ಪ ನೀರಸ. ಮೂರನೆಯದು ಸೈಪ್ರಸ್‌ನಲ್ಲಿ ನವಾಬ ಹರೆಯದಲ್ಲಿ ಮಾಡಿದ ಪಾಪವನ್ನು ಮೇಲೆತ್ತಿ ತರುತ್ತದೆ, ಅದನ್ನು ರಜೆ ಹಾಕಿ ಮನೆಯಲ್ಲೇ ಓದಿದೆ.

ಆದರೆ ಮಾವ ಮತ್ತೆ ಮತ್ತೆ ಕೇಳುತ್ತಿದ್ದದ್ದು ಮೊದಲ ಪುಸ್ತಕದ ಲೆಕ್ಕದ ಸಂಗತಿ. ಯಾರ ಗುಟ್ಟು, ಹೇಗೆ ಗೊತ್ತಾಯಿತು, ಯಾವಾಗ ತೆಗೆದ. ಒಂದು ಸಂಜೆ ಹಂಚಿನಿಂದ ನೀರು ಸುರಿಯುತ್ತಿತ್ತು, ಕರೆಂಟು ಹೋಗಿತ್ತು. ಜಗಲಿಯಲ್ಲಿ ಕೂತಿದ್ದ ಅವರೇ ಶುರುಮಾಡಿದರು.

“ಪಂಚಾಯತಿನಲ್ಲಿ ಪಕ್ಷದ ಚಿಹ್ನೆಯೂ ಇಲ್ಲ, ವಿಪ್ಪೂ ಇಲ್ಲ. ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದಿತ್ತು. ಹಿಂದಿನ ದಿನ ಒಬ್ಬರು ಮನೆಗೆ ಬಂದ್ರು. ಚಾ ಕುಡಿದ್ರು. ಚಾ ಒಳ್ಳೆದುಂಟು ಅಂದ್ರು. ಹೊರಡುವಾಗ ಅಂಗಳದಲ್ಲಿ ನಿಂತು, ನಿಮ್ಮ ಬಾವಿ ಸರ್ಕಾರದ ಪರಂಬೋಕು ಜಾಗದಲ್ಲಿ ಉಂಟಲ್ವಾ ಅಂತ ಕೇಳಿದ್ರು. ಅಷ್ಟೇ.”

“ಮತ್ತೆ?”

“ಮತ್ತೆಂತ? ಕೈ ಎತ್ತಿದೆ.”

ಯಾವ ಕಡೆಗೆ ಎಂದು ನಾನು ಕೇಳಲಿಲ್ಲ. ಬಾವಿ ಇನ್ನೂ ಅಲ್ಲೇ ಇದೆ. “ನಾಳೆ ಎಷ್ಟು ಪುಟ ಓದ್ತಿ?” ಎಂದರು ಮಾವ.