ನಿತ್ಯದ ಓಡಾಟದ ಸೈಕಲ್‌ಗೆ ಬ್ರೇಕ್ ಆರಿಸುವಾಗ
ಕಲಬುರಗಿಯಲ್ಲಿ ಕಚೇರಿಗೆ ಹೋಗಿಬರಲು ಹಳೆಯ ಫ್ರೇಮ್ ಮೇಲೆ ಸೈಕಲ್ ಕಟ್ಟಿಸುತ್ತಿರುವವರು ಗೇರುಗಳಿಗಿಂತ ಮೊದಲು ರಿಮ್ಮನ್ನು ಗಮನಿಸಬೇಕೆಂದು ನನ್ನ ಕಳಕಳಿಯ ವಿನಂತಿ. ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬ್ರೇಕ್ ರಬ್ಬರ್ ಜಾರಿ, ಸೈಕಲ್ ನಿಲ್ಲಲು ಬೇಕಾಗುವ ದೂರ ಬಹಳ ಹೆಚ್ಚುತ್ತದೆ. ಅಲ್ಯೂಮಿನಿಯಂ ರಿಮ್‌ನಲ್ಲಿ ಹಿಡಿತ ಎಷ್ಟೋ ಮೇಲು. ಇನ್ನು ಬ್ರೇಕ್‌ನ ಬಗೆ. ವಿ-ಬ್ರೇಕ್, ಅಂದರೆ ಎರಡು ಉದ್ದ ತೋಳುಗಳು ಎರಡೂ ಬದಿಯಿಂದ ರಿಮ್ಮನ್ನು ಒತ್ತುವ ಬ್ರೇಕ್, ಬಲವಾದದ್ದೇ ಸರಿ, ಆದರೆ ಅದನ್ನು ಕೂರಿಸುವ ಗೂಟಗಳು ಫೋರ್ಕ್‌ನಲ್ಲಿ (ಮುಂದಿನ ಚಕ್ರವನ್ನು ಹಿಡಿಯುವ ಕವಲಿನಲ್ಲಿ) ಇರಲೇಬೇಕು. ಅಲ್ಲದೆ ಕ್ಯಾಲಿಪರ್‌ಗಿಂತ (ಚಕ್ರದ ಮೇಲೆ ಒಂದೇ ಬೋಲ್ಟ್‌ನಿಂದ ಕೂರುವ ಇಕ್ಕಳದಂಥ ಬ್ರೇಕ್‌ಗಿಂತ) ಅದರಲ್ಲಿ ಲಿವರ್ ಒತ್ತಿದಾಗ ಕೇಬಲ್ಲನ್ನು ಹೆಚ್ಚು ದೂರ ಎಳೆಯಬೇಕಾದ್ದರಿಂದ ವಿ-ಬ್ರೇಕ್‌ನದೇ ಲಿವರ್ ಕೊಳ್ಳಬೇಕು. ಕ್ಯಾಲಿಪರ್ ಲಿವರ್ ಜೋಡಿಸಿದರೆ ಅದು ಹ್ಯಾಂಡಲ್‌ಗೆ ತಾಗುವವರೆಗೆ ಒತ್ತಿದರೂ ಸರಿಯಾದ ಹಿಡಿತ ಸಿಗದೆ ಹೋಗಬಹುದು. ರಿಮ್ಮಿನ ಬದಲು ಚಕ್ರದ ನಡುವಿನ ತಟ್ಟೆಯನ್ನು ಒತ್ತುವ ಡಿಸ್ಕ್ ಬ್ರೇಕ್‌ಗೆ ಹಬ್ (ಚಕ್ರದ ನಡುಗುಂಬ), ಫೋರ್ಕ್ ಎರಡೂ ಬದಲಾಗಬೇಕಾದ್ದರಿಂದ ಹಳೆಯ ಫ್ರೇಮ್‌ಗೆ ಅದನ್ನು ನಾನು ಸೂಚಿಸುವುದಿಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಮಡ್‌ಗಾರ್ಡ್ ಒಳಗೆ ಅಂಟಿ ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಟೈರ್ ಮೇಲೆ ಒಂದು ಬೆರಳಿನಷ್ಟಾದರೂ ಅಂತರ ಬಿಡಿಸಿ.